ಸಾಕ್ಷಿಯ ಪರೀಕ್ಷೆ

ಗಣಕಯಂತ್ರಕ್ಕೆಂದು ಬರೆದ ಪ್ರೋಗ್ರಾಮು ನಡುದಾರಿಯಲ್ಲಿ ಎಡವಿ ಬಿದ್ದರೆ, ಅದು ಎಲ್ಲಿ ಬಿತ್ತು, ಏಕೆ ಬಿತ್ತು ಎಂದು ನೋಡಿ ಹೇಳುವುದಕ್ಕೆ ಇನ್ನೊಂದು ಪ್ರೋಗ್ರಾಮು ಉಂಟು. ಅದಕ್ಕೆ ಡಿಬಗರ್ ಎಂದು ಹೆಸರು. ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಈ ಡಿಬಗರನ್ನೇ ಪರೀಕ್ಷಿಸುವ ಕೆಲಸದಲ್ಲಿದ್ದಾರೆ. ಸಾಕ್ಷಿ ಹೇಳುವವನನ್ನೇ ಕಟಕಟೆಗೆ ಹತ್ತಿಸುವ ಈ ಉದ್ಯೋಗದ ವಿಷಯ ಕೇಳಿ ನನಗೆ ಕುತೂಹಲವಾಯಿತು. ಅವರಿಂದ ತಿಳಿದುಕೊಂಡದ್ದರಲ್ಲಿ ಕೆಲವನ್ನು ಇಲ್ಲಿ ಹೇಳುತ್ತೇನೆ.

ಯಂತ್ರದ ಹೃದಯವಾದ ಪ್ರೊಸೆಸರ್ ಕೊಟ್ಟ ಆದೇಶವನ್ನು ಮರುಮಾತಿಲ್ಲದೆ ನಡೆಸುತ್ತದೆ. ಆದರೆ ಪೂರ್ಣಾಂಕವೊಂದನ್ನು ಸೊನ್ನೆಯಿಂದ ಭಾಗಿಸು ಎಂದರೆ, ತನಗೆ ಸೇರದ ಮೆಮೊರಿಯಲ್ಲಿ ಕೈಯಿಡು ಎಂದರೆ, ಅರ್ಥವೇ ಇಲ್ಲದ ಆದೇಶ ಕೊಟ್ಟರೆ, ಅದು ಕೆಲಸ ನಿಲ್ಲಿಸಿ ಆಪರೇಟಿಂಗ್ ಸಿಸ್ಟಮಿಗೆ ದೂರು ಕೊಡುತ್ತದೆ. ಯೂನಿಕ್ಸ್ ಮನೆತನದ ವ್ಯವಸ್ಥೆಗಳಲ್ಲಿ ಆ ದೂರು ಒಂದು 'ಸಿಗ್ನಲ್' ಆಗಿ ಪ್ರೋಗ್ರಾಮಿಗೆ ತಲುಪುತ್ತದೆ. ಲಿನಕ್ಸಿನಲ್ಲಿ ಮೆಮೊರಿಯ ಅತಿಕ್ರಮಣಕ್ಕೆ 11, ಅರ್ಥವಿಲ್ಲದ ಆದೇಶಕ್ಕೆ 4, ಭಾಗಾಕಾರದ ಅಪಚಾರಕ್ಕೆ 8. ಈ ಎಂಟನೆಯದರ ಹೆಸರಿನಲ್ಲಿ ಒಂದು ವಿನೋದವಿದೆ. ಹೆಸರು ದಶಮಾಂಶ ಲೆಕ್ಕದ ದೋಷವನ್ನು ಸೂಚಿಸುತ್ತದೆ. ಆದರೆ ದಶಮಾಂಶ ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಯಂತ್ರ ಸಾಮಾನ್ಯವಾಗಿ 'ಅನಂತ' ಎಂದು ಉತ್ತರ ಬರೆದು ಸುಮ್ಮನಾಗುತ್ತದೆ. ಗಲಾಟೆ ಎಬ್ಬಿಸುವುದು ಪೂರ್ಣಾಂಕವೇ.

1986ರಲ್ಲಿ ರಿಚರ್ಡ್ ಸ್ಟಾಲ್ಮನ್ ಬರೆದ ಜಿಡಿಬಿ ಎಂಬ ಡಿಬಗರ್ ಇಂದಿಗೂ ಬಳಕೆಯಲ್ಲಿದೆ. ಇದನ್ನು ಪರೀಕ್ಷಿಸಲು ಬೇಕೆಂದೇ ತಪ್ಪು ಮಾಡುವ ಪುಟ್ಟ ಪ್ರೋಗ್ರಾಮುಗಳನ್ನು ಬರೆಯುತ್ತಾರೆ. ಒಂದೊಂದೇ ಸಿಗ್ನಲನ್ನು ಸರದಿಯಂತೆ ಎಬ್ಬಿಸಿ, ಡಿಬಗರ್ ಅಲ್ಲಿ ನಿಂತಿತೇ, ಸರಿಯಾದ ಹೆಸರು ಹೇಳಿತೇ, ಸರಿಯಾದ ಸಾಲನ್ನು ತೋರಿಸಿತೇ ಎಂದು ನೋಡುತ್ತಾರೆ. ಇಷ್ಟಕ್ಕೆ ಪರೀಕ್ಷೆ ಮುಗಿಯುವುದಿಲ್ಲ. ಮುಂದುವರಿ ಎಂದಾಗ ಆ ಸಿಗ್ನಲ್ ಪ್ರೋಗ್ರಾಮಿನ ಕೈ ಸೇರಬೇಕು. ಡಿಬಗರ್ ಅದನ್ನು ನಡುವೆ ನುಂಗಬಾರದು. ಏಕೆಂದರೆ ಕೆಲವು ಪ್ರೋಗ್ರಾಮುಗಳು ಎಡವುವುದನ್ನೇ ಉಪಾಯವಾಗಿ ಬಳಸುತ್ತವೆ. ಜಾವಾ ಭಾಷೆಯ ಹಾಟ್‌ಸ್ಪಾಟ್ ಯಂತ್ರ ಶೂನ್ಯ ವಿಳಾಸಗಳನ್ನು ಪ್ರತಿಸಲವೂ ಮೊದಲೇ ತಪಾಸಣೆ ಮಾಡುವುದಿಲ್ಲ. ಎಡವಿದಾಗ ಬರುವ 11ನೆಯ ಸಿಗ್ನಲನ್ನು ಹಿಡಿದು ತಾನೇ ಸಂಭಾಳಿಸಿಕೊಳ್ಳುತ್ತದೆ. ಅಲ್ಲಿ ಡಿಬಗರ್ ಸಿಗ್ನಲನ್ನು ನುಂಗಿದರೆ, ನಮ್ಮ ಕಣ್ಣಿಗೆ ಬೀಳುವುದು ಸಹಜವಾಗಿ ನಡೆಯುವ ಪ್ರೋಗ್ರಾಮಲ್ಲ, ಬೇರೆಯದೇ ಒಂದು.

ಅಪಾಯದ ಸುದ್ದಿಯನ್ನು ತಪ್ಪಾಗಿ ಓದಿಕೊಂಡರೆ ಏನಾಗಬಹುದು ಎಂಬುದಕ್ಕೆ ಘೋರವಾದ ಉದಾಹರಣೆಯೊಂದಿದೆ. ಅದರಲ್ಲಿ ಡಿಬಗರಿನ ಪಾತ್ರವಿಲ್ಲ, ಆದರೂ ಹೇಳಬೇಕು. 1996ರ ಜೂನ್ 4ರಂದು ಫ್ರೆಂಚ್ ಗಯಾನಾದ ಕೂರೂವಿನಿಂದ ಏರಿದ ಏರಿಯಾನ್ 5 ರಾಕೆಟ್ಟಿನ ದಿಕ್ಸೂಚಕ ಗಣಕ, 64 ಬಿಟ್ಟಿನ ದಶಮಾಂಶ ಸಂಖ್ಯೆಯೊಂದನ್ನು 16 ಬಿಟ್ಟಿನ ಪೂರ್ಣಾಂಕದೊಳಗೆ ತುರುಕಲು ಹೋಯಿತು. ಅಲ್ಲಿ ಹಿಡಿಸುವುದು ಹೆಚ್ಚೆಂದರೆ 32,767. ಪ್ರೊಸೆಸರ್ ದೂರು ಕೊಟ್ಟಿತು. ಸಂತೈಸುವವರಿಲ್ಲದೆ ಗಣಕ ಕೆಲಸ ನಿಲ್ಲಿಸಿತು. ಜೊತೆಗಿದ್ದ ಬದಲಿ ಗಣಕವೂ ಅದೇ ಕಾರಣಕ್ಕೆ ಆಗಲೇ ನಿಂತುಹೋಗಿತ್ತು. ನಿಲ್ಲುವ ಮುನ್ನ ಅದು ಕಳುಹಿಸಿದ ದೋಷವರದಿಯನ್ನು ಮುಖ್ಯ ಗಣಕ ಹಾರಾಟದ ಅಳತೆಯೆಂದೇ ಓದಿಕೊಂಡು ರಾಕೆಟ್ಟನ್ನು ತಿರುಗಿಸಿತು. ಸುಮಾರು 40 ಸೆಕೆಂಡುಗಳಲ್ಲಿ ಎಲ್ಲವೂ ಚೂರಾಯಿತು.

ನನ್ನ ಮನಸ್ಸನ್ನು ಹೆಚ್ಚು ಸೆಳೆದದ್ದು ಇನ್ನೊಂದು ಪರೀಕ್ಷೆ. ಪ್ರೋಗ್ರಾಮನ್ನು ಒಂದು ಕಡೆ ನಿಲ್ಲಿಸಬೇಕಾದರೆ ಇಂಟೆಲ್ ಜಾತಿಯ ಯಂತ್ರಗಳಲ್ಲಿ ಡಿಬಗರ್ ಅಲ್ಲಿನ ಒಂದು ಬೈಟನ್ನು ತೆಗೆದಿಟ್ಟು, ಆ ಜಾಗದಲ್ಲಿ 'ಸಿಸಿ' ಎಂಬ ಬೈಟನ್ನು ಬರೆಯುತ್ತದೆ. ಪ್ರೊಸೆಸರ್ ಅದನ್ನು ಕಂಡೊಡನೆ ನಿಲ್ಲುತ್ತದೆ. 5ನೆಯ ಸಿಗ್ನಲ್ ಬರುತ್ತದೆ. ಪ್ರೋಗ್ರಾಮಿನಲ್ಲಿ ಅದನ್ನು ಬರೆದವನೇ ಇಟ್ಟ 'ಸಿಸಿ'ಯೂ ಇದ್ದರೆ? ಓಲೆಪ್ರತಿಯ ಅಂಚಿನಲ್ಲಿ ಓದುಗನೊಬ್ಬ ಕೊರೆದ ಗುರುತನ್ನು ಮುಂದಿನ ಲಿಪಿಕಾರ ಕವಿಯ ಅಕ್ಷರವೆಂದೇ ಬಗೆದು ಒಳಗೆ ಸೇರಿಸಿಬಿಡುವುದುಂಟು; ಗ್ರಂಥಸಂಪಾದನೆಯಲ್ಲಿ ತೊಡಗಿದವರಿಗೆ ಈ ಸಂಕಟ ಹೊಸದಲ್ಲ. ಇಲ್ಲಿ ತೊಡಕು ಇನ್ನೂ ಸೂಕ್ಷ್ಮ. ಭಾಗಾಕಾರದಲ್ಲಿ ಎಡವಿದಾಗ ಪ್ರೊಸೆಸರಿನ ಬೆರಳು ಎಡವಿದ ಆದೇಶದ ಮೇಲೆಯೇ ಇರುತ್ತದೆ. 'ಸಿಸಿ' ಕಂಡು ನಿಂತಾಗಲಾದರೋ ಬೆರಳು ಒಂದು ಬೈಟು ಮುಂದೆ ಸರಿದಿರುತ್ತದೆ. ತಾನಿಟ್ಟ ಗುರುತಾದರೆ ಡಿಬಗರ್ ಬೆರಳನ್ನು ಹಿಂದಕ್ಕೆಳೆದು, ತೆಗೆದಿಟ್ಟ ಬೈಟನ್ನು ಸ್ವಸ್ಥಾನದಲ್ಲಿಟ್ಟು ನಡೆಸಬೇಕು. ಪ್ರೋಗ್ರಾಮಿನದೇ ಗುರುತಾದರೆ ಹಿಂದಕ್ಕೆಳೆಯಕೂಡದು; ಎಳೆದರೆ ಪ್ರೋಗ್ರಾಮು ಅಲ್ಲಿಯೇ ಮತ್ತೆ ಮತ್ತೆ ನಿಲ್ಲುತ್ತದೆ.

ಭಾಗಾಕಾರದ ದೋಷವನ್ನು ಹಿಡಿದ ಪ್ರೋಗ್ರಾಮು ಏನನ್ನೂ ಸರಿಪಡಿಸದೆ ಹಿಂದಿರುಗಿದರೆ, ಅದೇ ಆದೇಶ ಮರಳಿ ನಡೆದು ಅದೇ ದೋಷ ಮರುಕಳಿಸುತ್ತದೆ. ಆಗ ಡಿಬಗರ್ ನೂರು ಸಲವೂ ಬೇಸರಿಸದೆ ಅದನ್ನೇ ವರದಿ ಮಾಡಬೇಕು. ಅದೂ ಒಂದು ಪರೀಕ್ಷೆಯೇ. ಆದರೆ ಇದೇ ಪರೀಕ್ಷೆಯನ್ನು ಮೊಬೈಲ್ ಫೋನುಗಳಲ್ಲಿರುವ 64 ಬಿಟ್ಟಿನ ಆರ್ಮ್ ಪ್ರೊಸೆಸರಿನ ಮೇಲೆ ನಡೆಸಿದರೆ ಸಿಗ್ನಲ್ಲೇ ಬರುವುದಿಲ್ಲ. ಸೊನ್ನೆಯಿಂದ ಭಾಗಿಸಿದ ಪೂರ್ಣಾಂಕಕ್ಕೆ ಆ ಯಂತ್ರ ನಿರ್ವಿಕಾರವಾಗಿ 0 ಎಂದು ಉತ್ತರ ಬರೆದು ಮುಂದಿನ ಆದೇಶಕ್ಕೆ ಹೋಗುತ್ತದೆ. ಪರೀಕ್ಷಕರು ಅಲ್ಲಿಗೆ ಬೇರೆ ಪ್ರಶ್ನೆಪತ್ರಿಕೆಯನ್ನೇ ಬರೆಯಬೇಕು.