ಲೋಹದ ಹಲ್ಲಿಗೂ ನೆರೆಹೊರೆ ಕಾಟ

ಹೊನವಾಡದ ಖಡಕ್ ರೊಟ್ಟಿ ಮುರಿಯಲು ಹಲ್ಲು ಗಟ್ಟಿ ಇರಬೇಕು. ಹಲ್ಲು ಬಿದ್ದ ಜಾಗದಲ್ಲಿ ಈಗ ಡಾಕ್ಟರು ದವಡೆಯ ಎಲುಬಿಗೆ ಟೈಟಾನಿಯಂ ಸ್ಕ್ರೂ ಕೂರಿಸಿ, ಮೇಲೆ ಕ್ಯಾಪ್ ಹಾಕುತ್ತಾರೆ. ಇದೇ ಇಂಪ್ಲಾಂಟ್. ಸ್ವೀಡನ್ನಿನ ಬ್ರೋನೆಮಾರ್ಕ್ 1965ರಲ್ಲಿ ಇಂಥದನ್ನು ಮೊದಲ ಸಲ ರೋಗಿಯೊಬ್ಬರಿಗೆ ಕೂರಿಸಿದರು.

ಲೋಹಕ್ಕೆ ಹುಳುಕು ಹತ್ತುವುದಿಲ್ಲ, ನಿಜ. ಆದರೆ ಅದರ ಸುತ್ತಲಿನ ವಸಡಿಗೆ ಸೋಂಕು ತಗಲಬಹುದು. ತಗಲಿಸುವವರು ಯಾರು?

ಮಕ್ಕಳೇ, ಹಾಲೆಂಡಿನ ಬಟ್ಟೆ ವ್ಯಾಪಾರಿ ಲೀವೆನ್‌ಹುಕ್ ತನ್ನ ಹಲ್ಲಿನ ಮೇಲಿನ ಬಿಳಿ ಲೋಳೆ ಕೆರೆದು ಮಸೂರದಲ್ಲಿ ನೋಡಿದ. ಅದರಲ್ಲಿ ಪುಟ್ಟ ಜೀವಿಗಳು ಓಡಾಡುತ್ತಿದ್ದವು! 1683ರಲ್ಲೇ ಅದನ್ನು ಪತ್ರದಲ್ಲಿ ಬರೆದಿಟ್ಟ. ಅವೇ ಬ್ಯಾಕ್ಟೀರಿಯಾ.

ಇವುಗಳಲ್ಲಿ ಪಾರ್ಫಿರೊಮೊನಾಸ್ ಜಿಂಜಿವಾಲಿಸ್ (ಹೆಸರೇ ಹಲ್ಲು ಮುರಿಯುವಂತಿದೆ) ಗಾಳಿಗೆ ಹೆದರಿ ವಸಡಿನ ಸಂದಿಯಲ್ಲಿ ಅಡಗುತ್ತದೆ. ಪಕ್ಕದ ಸ್ವಂತ ಹಲ್ಲಿನ ವಸಡು ಕೆಟ್ಟಿದ್ದರೆ, ಅಲ್ಲಿಂದ ಇಂಪ್ಲಾಂಟಿನ ಬುಡಕ್ಕೂ ದಾಟುತ್ತದೆ. ಸ್ವಂತ ಹಲ್ಲಿನ ಬೇರಿಗೆ ವಸಡನ್ನು ಬಿಗಿಹಿಡಿಯುವ ನಾರುಗಳಿವೆ, ಅವು ಬೇಲಿಯಿದ್ದಂತೆ. ಸ್ಕ್ರೂಗೆ ಆ ಬೇಲಿಯಿಲ್ಲ. ಸೋಂಕು ಬೇಗ ಎಲುಬಿಗಿಳಿದು ಅದನ್ನು ಸವೆಸುತ್ತದೆ. ತಂಬಾಕು, ಸಕ್ಕರೆ ಕಾಯಿಲೆ ಇದ್ದವರಿಗೆ ಅಪಾಯ ಹೆಚ್ಚು.

ಆದ್ದರಿಂದ ಹೊಸ ಹಲ್ಲಿನಷ್ಟೇ ಅಕ್ಕರೆಯಿಂದ ಅಕ್ಕಪಕ್ಕದ ಹಲ್ಲನ್ನೂ ಉಜ್ಜಬೇಕು. ಬೇವಿನ ಕಡ್ಡಿ ಸಂದಿಯೊಳಗೆ ಇಳಿಯದು. ಅದಕ್ಕೆಂದೇ ಸಣ್ಣ ಬ್ರಷ್ ಸಿಗುತ್ತದೆ. ನೋವಿಲ್ಲವೆಂದು ಸುಮ್ಮನಿರಬೇಡಿ, ಎಷ್ಟೋ ಸಲ ಇದು ನೋಯುವುದೇ ಇಲ್ಲ. ಅಜ್ಜ ಉಗುಳಿದ ನೀರಿನಲ್ಲಿ ರಕ್ತ ಕಂಡರೆ, ವಸಡು ಊದಿ ಕೀವು ಬಂದರೆ, ವಿಜಯಪುರದ ದಂತವೈದ್ಯರಲ್ಲಿಗೆ ಹೊರಡಿಸಿ. ಎಲುಬು ಎಷ್ಟು ಸವೆದಿದೆ ಎಂಬುದನ್ನು ಎಕ್ಸ್‌ರೇ ತೋರಿಸುತ್ತದೆ.