ಪಕ್ಷದ ಸೈನ್ಯ, ಜನದ ಸೈನ್ಯ: ಚೀನದಲ್ಲಿ ದಂಡಬಲದ ಒಡೆತನ

ಚೀನ ದೇಶದ ಸೈನ್ಯಕ್ಕೆ 'ಜನವಿಮೋಚನಾ ಸೇನೆ' ಎಂದು ಹೆಸರು. ಜನ, ವಿಮೋಚನೆ, ಸೇನೆ ಎಂಬ ಈ ಮೂರು ಪದಗಳಲ್ಲಿ ಪಕ್ಷವೆಂಬ ಮಾತು ಎಲ್ಲಿಯೂ ಕಾಣದು. ಆದರೂ ಆ ಸೇನೆಯು ಆಜ್ಞೆಯನ್ನು ಸ್ವೀಕರಿಸುವುದು ಕಮ್ಯೂನಿಸ್ಟ್ ಪಕ್ಷದಿಂದ. ಹೆಸರಿನಲ್ಲಿ ಜನರದಾಗಿಯೂ ಅಧೀನತೆಯಲ್ಲಿ ಪಕ್ಷದ್ದಾಗಿಯೂ ಇರುವ ಈ ಸೇನೆಯು, ಪಕ್ಷಕ್ಕೂ ಜನಕ್ಕೂ ವಿರಸವುಂಟಾದಾಗ ಯಾರ ಕಡೆ ನಿಲ್ಲತಕ್ಕದ್ದು? ಇದು ತರ್ಕಕ್ಕಾಗಿ ಕಲ್ಪಿಸಿದ ಪ್ರಶ್ನೆಯಲ್ಲ. 1967ರಲ್ಲಿಯೂ 1989ರಲ್ಲಿಯೂ ಅದು ಸೇನಾಪತಿಗಳ ಎದುರಿಗೆ ಪ್ರತ್ಯಕ್ಷವಾಗಿ ಬಂದು ನಿಂತಿತು. ಆ ಪ್ರಶ್ನೆ ಹುಟ್ಟಿದ ಬಗೆಯನ್ನೂ ಪಕ್ಷವು ಅದಕ್ಕೆ ಕಂಡುಕೊಂಡ ಪರಿಹಾರವನ್ನೂ ವಿವರಿಸುವುದು ಈ ಲೇಖನದ ಉದ್ದೇಶ.

ನಮ್ಮ ಪ್ರಾಚೀನ ಅರ್ಥಶಾಸ್ತ್ರಕಾರರು ಸ್ವಾಮಿ, ಅಮಾತ್ಯ, ಜನಪದ, ದುರ್ಗ, ಕೋಶ, ದಂಡ, ಮಿತ್ರ ಎಂದು ರಾಜ್ಯಕ್ಕೆ ಏಳು ಅಂಗಗಳನ್ನು ಹೇಳಿದರು. ಸ್ವಾಮಿ, ಜನಪದ, ದಂಡ ಇವು ಅಲ್ಲಿ ಬೇರೆ ಬೇರೆ ಅಂಗಗಳು. ಆದುದರಿಂದ ಅವುಗಳಲ್ಲಿ ಒಂದಕ್ಕೊಂದು ವೈಷಮ್ಯವುಂಟಾಗಬಹುದೆಂಬುದೂ ಆ ಶಾಸ್ತ್ರಕ್ಕೆ ತಿಳಿದ ವಿಷಯವೇ. ಚೀನದ ಪಕ್ಷಸಿದ್ಧಾಂತವು ಹಾಗಲ್ಲ. ಪಕ್ಷದ ಇಚ್ಛೆಯೇ ಜನರ ಇಚ್ಛೆ, ಸೇನೆಯು ಆ ಇಚ್ಛೆಯ ಸಾಧನ. ಆದುದರಿಂದ ಮೂರರಲ್ಲಿ ಭೇದವೇ ಇರಲಾರದು ಎಂಬುದು ಅದರ ಪ್ರತಿಜ್ಞೆ. ಭೇದವೇ ಇಲ್ಲವೆಂದ ಮೇಲೆ, ಅದು ತಲೆದೋರಿದಾಗ ತೀರ್ಮಾನಿಸುವ ಸ್ಥಾನವನ್ನು ಏರ್ಪಡಿಸುವ ಅಗತ್ಯವೂ ತೋರಲಿಲ್ಲ. ಸಂಕಟದ ಬೇರು ಇರುವುದು ಇಲ್ಲಿಯೇ.

1

ಈ ಸಿದ್ಧಾಂತವು ಕಾರಣವಿಲ್ಲದೆ ಹುಟ್ಟಿದುದಲ್ಲ. 1916ರಲ್ಲಿ ಯುವಾನ್ ಷಿಕಾಯ್ ತೀರಿಕೊಂಡ ತರುವಾಯ ಸುಮಾರು ಹನ್ನೆರಡು ವರ್ಷಗಳ ಕಾಲ ಚೀನವು ದಂಡನಾಯಕರ ಕೈಗೆ ಸಿಕ್ಕಿ ಹರಿದು ಹಂಚಿಹೋಗಿದ್ದಿತು. ಒಂದೊಂದು ಪ್ರಾಂತವೂ ಒಬ್ಬೊಬ್ಬ ಸೇನಾಪತಿಯ ಸೊತ್ತು; ರೈತನು ಬೆಳೆದ ಧಾನ್ಯ ಯಾವ ಪಡೆ ಮೊದಲು ಬಂದಿತೋ ಅದರ ಪಾಲು. ಕತ್ತಿಯು ಯಾರ ಅಂಕೆಗೂ ಒಳಪಡದಿದ್ದರೆ ಏನಾಗುವುದೆಂಬುದನ್ನು ಆ ಪೀಳಿಗೆಯವರು ಕಣ್ಣಾರೆ ಕಂಡಿದ್ದರು.

1927ರ ಆಗಸ್ಟ್ 1ರಂದು ನಾನ್‌ಚಾಂಗ್ ನಗರದಲ್ಲಿ ನಡೆದ ದಂಗೆಯಿಂದ ಕಮ್ಯೂನಿಸ್ಟರ ಸೇನೆಯು ಜನ್ಮತಾಳಿತೆಂದು ಎಣಿಕೆ. ಅದೇ ವರ್ಷದ ಶರತ್ಕಾಲದಲ್ಲಿ ಮಾವೋ ತ್ಸೆತುಂಗ್ ಸಾನ್‌ವಾನ್ ಎಂಬ ಹಳ್ಳಿಯಲ್ಲಿ ತನ್ನ ಸೋತ ಪಡೆಯನ್ನು ಮರಳಿ ಕಟ್ಟುತ್ತ, ಪ್ರತಿಯೊಂದು ತುಕಡಿಯಲ್ಲಿಯೂ ಪಕ್ಷದ ಶಾಖೆಯಿರಬೇಕೆಂದು ವಿಧಿಸಿದನು. 1929ರ ಡಿಸೆಂಬರಿನಲ್ಲಿ ಗುಟಿಯಾನ್ ಎಂಬಲ್ಲಿ ಸೇರಿದ ಸಭೆಯು ಈ ವ್ಯವಸ್ಥೆಯನ್ನು ಸ್ಥಿರಪಡಿಸಿತು: ಸೇನೆಯಿರುವುದು ಬರಿಯ ಕಾದಾಟಕ್ಕಲ್ಲ, ಪಕ್ಷದ ರಾಜಕೀಯ ಕಾರ್ಯಕ್ಕೆ. ಸೇನಾಧಿಕಾರಿಯ ಜೊತೆಯಲ್ಲಿಯೇ ರಾಜಕೀಯಾಧಿಕಾರಿಯೊಬ್ಬನು ಇರುವ ಪದ್ಧತಿ ಬೇರೂರಿತು. ಬಂದೂಕದ ಮೇಲೆ ಪಕ್ಷದ ಆಳಿಕೆಯಿರಬೇಕಲ್ಲದೆ ಪಕ್ಷದ ಮೇಲೆ ಬಂದೂಕದ ಆಳಿಕೆ ಎಂದಿಗೂ ಸಲ್ಲದು ಎಂಬ ತತ್ತ್ವವನ್ನು ಮಾವೋ 1938ರಲ್ಲಿ ಸ್ಪಷ್ಟವಾಗಿ ಪ್ರತಿಪಾದಿಸಿದನು.

ಇದರೊಡನೆ ಜನಾನುರಾಗದ ವಿಧಿಗಳೂ ಏರ್ಪಟ್ಟವು. ರೈತನ ಮನೆಯ ಅತ್ಯಲ್ಪ ವಸ್ತುವನ್ನಾದರೂ ಮುಟ್ಟಬಾರದು, ಕಡ ತಂದುದನ್ನು ಹಿಂದಿರುಗಿಸಬೇಕು, ಬೆಳೆಯನ್ನು ತುಳಿಯಬಾರದು ಎಂಬ ನಿಯಮಗಳನ್ನು ಪ್ರತಿಯೊಬ್ಬ ಸಿಪಾಯಿಯೂ ಕಂಠಪಾಠ ಮಾಡಬೇಕಾಗಿದ್ದಿತು. ದಂಡನಾಯಕರ ಹಾವಳಿಯನ್ನು ಕಂಡಿದ್ದ ಹಳ್ಳಿಗರಿಗೆ ಇದು ಹೊಸ ಅನುಭವ. ಹೀಗೆ ಪಕ್ಷಭಕ್ತಿ, ಜನಭಕ್ತಿ ಎಂಬ ಎರಡು ಪಾಠಗಳನ್ನು ಸೈನಿಕನು ಒಂದೇ ಉಸಿರಿನಲ್ಲಿ ಕಲಿತನು. ಶತ್ರುವು ಹೊರಗಿರುವ ತನಕ ಅವೆರಡರಲ್ಲಿ ವಿರೋಧವಿದೆಯೆಂದು ಆತನಿಗೆ ತೋರಲು ಕಾರಣವಿರಲಿಲ್ಲ.

2

ವಿರೋಧವು ಮೊದಲು ಬಯಲಿಗೆ ಬಂದುದು ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ. 1967ರ ಜನವರಿಯಲ್ಲಿ, ಊರೂರುಗಳಲ್ಲಿ ಹೊಡೆದಾಡುತ್ತಿದ್ದ ಜನಸಂಘಗಳಲ್ಲಿ 'ಎಡಪಂಥ'ದವರಿಗೆ ಬೆಂಬಲ ಕೊಡತಕ್ಕದ್ದೆಂದು ಸೇನೆಗೆ ಅಪ್ಪಣೆಯಾಯಿತು. ಆದರೆ ಎಲ್ಲ ಸಂಘಗಳೂ ತಾವೇ ಎಡಪಂಥದವರು, ತಾವೇ ಜನರು ಎಂದು ಹೇಳಿಕೊಳ್ಳುತ್ತಿದ್ದವು. ವೂಹಾನ್ ಪ್ರಾಂತದ ಸೇನಾಪತಿ ಚೆನ್ ಝೈದಾವೋ ಒಂದು ಸಂಘವನ್ನು ಎತ್ತಿಹಿಡಿದನು. ರಾಜಧಾನಿಯಿಂದ ಬಂದ ದೂತರು ಅದರ ಎದುರಾಳಿಗಳನ್ನು ಎತ್ತಿಹಿಡಿದರು. ಜುಲೈ 20ರಂದು ಕ್ರುದ್ಧರಾದ ಕೆಲಸಗಾರರೂ ಸೈನಿಕರೂ ಸೇರಿ ದೂತರಲ್ಲೊಬ್ಬನಾದ ವಾಂಗ್ ಲೀಯನ್ನು ಸೆರೆಹಿಡಿದರು. ಆಗ ಮಾವೋ ಅದೇ ನಗರದಲ್ಲಿದ್ದನು; ಅವಸರದಿಂದ ವಿಮಾನವನ್ನೇರಿ ಷಾಂಘೈಗೆ ಹೊರಟುಹೋದನು. ಚೆನ್ ಪದಚ್ಯುತನಾದನು. 'ಜನ'ವೆಂದರೆ ಯಾರು ಎಂಬುದನ್ನು ನಿರ್ಣಯಿಸುವ ಅಧಿಕಾರವು ಸೇನಾಪತಿಗಿಲ್ಲವೆಂಬುದು ಈ ಪ್ರಕರಣದ ಪಾಠ.

ಅನಂತರ ತಕ್ಕಡಿ ಇನ್ನೊಂದು ಕಡೆಗೆ ವಾಲಿತು. ದೇಶದಲ್ಲಿ ಶಾಂತಿಯನ್ನು ನೆಲೆಗೊಳಿಸಲು ಸೇನೆಯೇ ಬೇಕಾದುದರಿಂದ ಅದರ ಬಲವು ಬೆಳೆಯಿತು. 1969ರ ಪಕ್ಷಮಹಾಸಭೆಯಲ್ಲಿ ರಕ್ಷಣಾಮಂತ್ರಿ ಲಿನ್ ಬಿಯಾವೋ ಮಾವೋವಿನ ಉತ್ತರಾಧಿಕಾರಿಯೆಂದು ಪಕ್ಷದ ನಿಬಂಧನೆಯಲ್ಲಿಯೇ ಬರೆಯಲ್ಪಟ್ಟಿತು. ಎರಡೂವರೆ ವರ್ಷಗಳೊಳಗಾಗಿ, 1971ರ ಸೆಪ್ಟೆಂಬರ್ 13ರಂದು, ಆತನು ದೇಶವನ್ನು ಬಿಟ್ಟು ಹೋಗುತ್ತಿದ್ದಾಗ ಮಂಗೋಲಿಯದಲ್ಲಿ ವಿಮಾನ ಬಿದ್ದು ಮೃತನಾದನು. 1973ರ ಡಿಸೆಂಬರಿನಲ್ಲಿ ಎಂಟು ಸೇನಾಪ್ರಾಂತಗಳ ಅಧಿಪತಿಗಳನ್ನು ಒಟ್ಟಿಗೆ ಅದಲುಬದಲು ಮಾಡಲಾಯಿತು. ಯಾವ ಸೇನಾಪತಿಯೂ ಒಂದು ನೆಲದಲ್ಲಿ ಬೇರೂರಬಾರದೆಂಬುದೇ ಅದರ ತಾತ್ಪರ್ಯ.

3

ಎರಡನೆಯ ಪರೀಕ್ಷೆ ಇದಕ್ಕಿಂತ ಘೋರವಾದುದು. 1989ರ ಏಪ್ರಿಲ್ 15ರಂದು, ಪಕ್ಷದ ಪ್ರಧಾನ ಕಾರ್ಯದರ್ಶಿಯ ಪದವಿಯನ್ನು ಹಿಂದೆಯೇ ಕಳೆದುಕೊಂಡಿದ್ದ ಹೂ ಯಾವೋಬಾಂಗ್ ನಿಧನನಾದನು. ಆತನಿಗೆ ಗೌರವವನ್ನು ಸಲ್ಲಿಸಲು ಬೀಜಿಂಗಿನ ಟಿಯಾನನ್‌ಮೆನ್ ಚೌಕದಲ್ಲಿ ನೆರೆದ ವಿದ್ಯಾರ್ಥಿಗಳು ಅಧಿಕಾರಿಗಳ ಲಂಚಗುಳಿತನವನ್ನು ಖಂಡಿಸಿ, ವಾಕ್‌ಸ್ವಾತಂತ್ರ್ಯವನ್ನೂ ಸರ್ಕಾರದವರೊಡನೆ ಸಂವಾದವನ್ನೂ ಬೇಡಿದರು. ಅಂದಿನ ಪ್ರಧಾನ ಕಾರ್ಯದರ್ಶಿ ಝಾವೋ ಝಿಯಾಂಗ್ ಬಲಪ್ರಯೋಗವನ್ನು ಒಪ್ಪಲಿಲ್ಲ. ಆದರೆ ನಿರ್ಣಯವು ಆತನ ಕೈಯಲ್ಲಿರಲಿಲ್ಲ. ಡೆಂಗ್ ಷಿಯಾವೋಪಿಂಗ್ ರಾಷ್ಟ್ರಾಧ್ಯಕ್ಷನೂ ಅಲ್ಲ, ಪ್ರಧಾನಮಂತ್ರಿಯೂ ಅಲ್ಲ, ಪಕ್ಷದ ಪ್ರಧಾನ ಕಾರ್ಯದರ್ಶಿಯೂ ಅಲ್ಲ. ಕೇಂದ್ರ ಸೇನಾಸಮಿತಿಯ ಅಧ್ಯಕ್ಷ. ಆ ಒಂದು ಪದವಿಯ ತೂಕವೆಷ್ಟೆಂಬುದು ಆಗ ಎಲ್ಲರಿಗೂ ತಿಳಿಯಿತು. ಮೇ 20ರಂದು ಸೇನಾಶಾಸನವು ಘೋಷಿತವಾಯಿತು.

ಪಡೆಗಳು ನಗರದ ಅಂಚಿಗೆ ಬಂದಾಗ ಸಾಮಾನ್ಯ ಪೌರರು ವಾಹನಗಳನ್ನು ಸುತ್ತುಗಟ್ಟಿ ನಿಂತರು. ಸಿಪಾಯಿಗಳಿಗೆ ನೀರನ್ನೂ ಆಹಾರವನ್ನೂ ಕೊಟ್ಟು, ನೀವು ಜನರ ಸೇನೆಯಲ್ಲವೇ ಎಂದು ಕೇಳಿದರು. ಸೇನೆಗೆ ಪಕ್ಷವೇ ಕಲಿಸಿದ್ದ ಪಾಠವನ್ನು ಪೌರರು ಅದಕ್ಕೆ ನೆನಪಿಸುತ್ತಿದ್ದರು. ಪಡೆಗಳು ಕೆಲವು ದಿನಗಳ ಮಟ್ಟಿಗೆ ಹಿಮ್ಮೆಟ್ಟಿದವು. ಇದಕ್ಕೆ ಮುನ್ನವೇ 38ನೆಯ ಸೇನಾಸಮೂಹದ ಅಧಿಪತಿ ಷು ಚಿನ್‌ಷಿಯಾನ್, ರಾಜಕೀಯದಿಂದ ಬಿಡಿಸಬೇಕಾದ ತೊಡಕಿಗೆ ಶಸ್ತ್ರವನ್ನು ಹೂಡುವುದು ತಕ್ಕುದಲ್ಲವೆಂದು ಬಗೆದು, ಪಡೆಯನ್ನು ನಡೆಸಲು ನಿರಾಕರಿಸಿದ್ದನು. ವಿಶ್ರಾಂತ ಸೇನಾಪತಿಗಳು ಏಳು ಮಂದಿ ಒಂದು ಪತ್ರಕ್ಕೆ ಸಹಿಮಾಡಿದರು: ಸೇನೆಯು ಜನರದು, ಅದು ಜನರೆದುರಿಗೆ ನಿಲ್ಲಕೂಡದು, ನಗರವನ್ನು ಪ್ರವೇಶಿಸಕೂಡದು ಎಂಬುದು ಅದರ ಸಾರ. ಸಹಿಮಾಡಿದವರಲ್ಲಿ ವೂಹಾನಿನ ಚೆನ್ ಝೈದಾವೋನೂ ಒಬ್ಬನು. ಇಪ್ಪತ್ತೆರಡು ವರ್ಷಗಳ ಹಿಂದೆ ಜನರು ಯಾರೆಂದು ನಿರ್ಣಯಿಸಹೋಗಿ ದಂಡನೆಗೊಳಗಾದವನು, ಮುಪ್ಪಿನಲ್ಲಿ ಆ ಪದವನ್ನೇ ಮತ್ತೆ ಎತ್ತಿದನು.

ಪತ್ರವು ಫಲಿಸಲಿಲ್ಲ. ಜೂನ್ 3ರ ರಾತ್ರಿ, 4ರ ಬೆಳಗಿನ ಜಾವ ಸೇನೆಯು ಗುಂಡು ಹಾರಿಸುತ್ತ ನಗರವನ್ನು ಹೊಕ್ಕಿತು. ಹೆಚ್ಚಿನ ಸಾವುಗಳಾದುದು ಚೌಕದಲ್ಲಿ ಅಲ್ಲ. ಮೂಷಿದಿ ಮೊದಲಾದೆಡೆಗಳಲ್ಲಿ, ಚೌಕಕ್ಕೆ ಹೋಗುವ ರಾಜಮಾರ್ಗಗಳಲ್ಲಿ. ಸತ್ತವರಲ್ಲಿ ವಿದ್ಯಾರ್ಥಿಗಳಲ್ಲದ ಸಾಮಾನ್ಯ ಪೌರರು ಅನೇಕರು. ಕೆಲವರು ಸೈನಿಕರೂ ಉದ್ರಿಕ್ತ ಜನರ ಕೈಯಲ್ಲಿ ಮಡಿದರು. ಸರ್ಕಾರವು ಮೊದಲು ಹೇಳಿದ ಸಂಖ್ಯೆ ಸೈನಿಕರನ್ನೂ ಕೂಡಿ ಸುಮಾರು 300. ಇತರರ ಅಂದಾಜುಗಳು ಅದಕ್ಕಿಂತ ಬಹಳ ಹೆಚ್ಚು. 38ನೆಯ ಸೇನಾಸಮೂಹವು ಬೇರೊಬ್ಬ ಅಧಿಪತಿಯ ಕೈಕೆಳಗೆ ಮುಂದಾಳಾಗಿಯೇ ನಡೆಯಿತು. ಷು ಚಿನ್‌ಷಿಯಾನ್ ಸೈನಿಕ ನ್ಯಾಯಾಲಯದಿಂದ ಐದು ವರ್ಷಗಳ ಸೆರೆಯನ್ನು ಪಡೆದು, 2021ರಲ್ಲಿ ನಿಧನನಾದನು. ಝಾವೋ 2005ರಲ್ಲಿ ಸಾಯುವವರೆಗೂ ಗೃಹಬಂಧನದಲ್ಲಿದ್ದನು.

4

ಪಕ್ಷವು ಇದರಿಂದ ತೆಗೆದ ನೀತಿಯೇನು? 1982ರ ಸಂವಿಧಾನವು ರಾಷ್ಟ್ರದ ಹೆಸರಿನಲ್ಲಿಯೂ ಒಂದು ಕೇಂದ್ರ ಸೇನಾಸಮಿತಿಯನ್ನು ಸ್ಥಾಪಿಸಿದ್ದಿತು. ಆದರೆ ಪಕ್ಷದ ಸಮಿತಿಯವರೇ ಅದರ ಸದಸ್ಯರೂ ಆದುದರಿಂದ ಹೆಸರು ಎರಡಾಯಿತೇ ಹೊರತು ಅಧಿಕಾರವು ಎರಡಾಗಲಿಲ್ಲ. ಸೇನೆಯು ಪಕ್ಷದ್ದಾಗಿರದೆ ರಾಷ್ಟ್ರದ್ದಾಗಬೇಕೆಂಬ ವಾದವನ್ನು 1989ರ ತರುವಾಯ ಪಕ್ಷವು ಕಟುವಾಗಿ ಖಂಡಿಸಿತು. 1997ರ ರಕ್ಷಣಾಶಾಸನವು ಸೈನ್ಯಬಲವು ಕಮ್ಯೂನಿಸ್ಟ್ ಪಕ್ಷದ ನಾಯಕತ್ವಕ್ಕೆ ಒಳಪಟ್ಟುದೆಂದು ವಿಧಿಸಿತು. 2014ರಲ್ಲಿ ಷಿ ಜಿನ್‌ಪಿಂಗ್ ಸೇನಾಧಿಕಾರಿಗಳನ್ನು ಅದೇ ಗುಟಿಯಾನಿಗೆ ಕರೆಸಿ, 1929ರ ತತ್ತ್ವವನ್ನು ಪುನಃ ಸಾರಿದನು. ಪೌರರನ್ನು ಅಂಕೆಯಲ್ಲಿಡುವ ಕೆಲಸಕ್ಕೆ ಸಶಸ್ತ್ರ ಪೋಲೀಸ್ ಪಡೆಯನ್ನು ಬಲಪಡಿಸಲಾಯಿತು. 2018ರಿಂದ ಅದೂ ಸೇನಾಸಮಿತಿಯೊಂದರ ಅಧೀನದಲ್ಲಿಯೇ ಇದೆ.

ಈ ಏರ್ಪಾಡುಗಳೆಲ್ಲ ಆಜ್ಞೆಯು ತಪ್ಪದೆ ನಡೆಯುವಂತೆ ಮಾಡುವ ಉಪಾಯಗಳು. ದಂಡನಾಯಕರ ಕಾಲವು ಮರಳದಂತೆ ತಡೆದ ಕೀರ್ತಿಯು ಅವುಗಳಿಗೆ ಸಲ್ಲಬೇಕು. ಆ ಲಾಭವು ಅಲ್ಪವಾದುದಲ್ಲ. ಆದರೆ ಪಕ್ಷದ ಇಚ್ಛೆಯೂ ಜನರ ಇಚ್ಛೆಯೂ ಬೇರೆಯಾದಾಗ ಅದನ್ನು ಶಸ್ತ್ರವಿಲ್ಲದೆ ವಿಚಾರಿಸುವ ಸ್ಥಾನವು ಅವುಗಳಲ್ಲಿ ಯಾವುದರಿಂದಲೂ ಏರ್ಪಡಲಿಲ್ಲ. ಅಂತಹ ಸ್ಥಾನವಿಲ್ಲದಿರುವ ರಾಜ್ಯದಲ್ಲಿ ವಿಚಾರದ ಹೊಣೆಯು ಕಡೆಗೆ ಒಬ್ಬೊಬ್ಬ ಸೈನಿಕನ ಅಂತಃಕರಣದ ಮೇಲೆ ಬೀಳುತ್ತದೆ. ಅದರಂತೆ ನಡೆದವನಿಗೆ ದೊರೆಯುವುದು ಸೆರೆಮನೆ. ಸೇನೆಯ ಹೆಸರಿನಲ್ಲಿ 'ಜನ' ಎಂಬ ಪದವು ಇಂದಿಗೂ ಉಳಿದಿದೆ. ಅದರ ಅರ್ಥವನ್ನು ಹೇಳುವ ಅಧಿಕಾರವು ಜನರಿಗೆ ಮಾತ್ರ ಇನ್ನೂ ಬಂದಿಲ್ಲ.