ಬಾವಿಯ ಒಡೆತನ, ಕಟ್ಟೆಯ ಹೊಣೆ

ಬಾವಿ ತೋಡಿಸುವುದನ್ನು ನಮ್ಮ ಹಿರಿಯರು ಪೂರ್ತಧರ್ಮಗಳಲ್ಲಿ ಒಂದೆಂದು ಎಣಿಸಿದರು. ಕೆರೆ, ಬಾವಿ, ಅರವಟ್ಟಿಗೆಗಳ ಪುಣ್ಯವನ್ನು ತಾವೆಲ್ಲ ಕೇಳಿ ಬಲ್ಲಿರಿ. ಆದರೆ ತೋಡಿಸಿದ ಬಾವಿಯನ್ನು ಕಾಪಾಡದವನ ಪಾಲಿಗೆ ಏನು ಬರುವುದೆಂದು ನಾವು ಅಷ್ಟಾಗಿ ಆಲೋಚಿಸುವುದಿಲ್ಲ.

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಹೆಚ್ಚುಕಡಿಮೆ ಮನೆಗೊಂದು ಬಾವಿ. ಅಂಗಳದ ಬಾವಿಗೆ ಮುರಕಲ್ಲಿನ ಕಟ್ಟೆಯೂ ರಾಟೆಯೂ ಉಂಟು. ಅಲ್ಲಿ ಭಯ ಕಡಿಮೆ. ಭಯವಿರುವುದು ಗದ್ದೆ ತೋಟಗಳಲ್ಲಿ ನೆಲಮಟ್ಟಕ್ಕೇ ಇರುವ ಬಾವಿಗಳಿಂದ. ಮತ್ತು ಒಡೆಯರು ಬೆಂಗಳೂರಿಗೋ ಮುಂಬಯಿಗೋ ಹೋಗಿ ಬೀಗ ಬಿದ್ದ ಮನೆಗಳ ಹಿತ್ತಿಲ ಬಾವಿಗಳಿಂದ. ಮಳೆಗಾಲದಲ್ಲಿ ಹುಲ್ಲು ಬೆಳೆದು ಬಾವಿಯ ಬಾಯಿ ಮರೆಯಾಗುತ್ತದೆ, ನೀರು ಮೇಲೇರುತ್ತದೆ, ಅಂಚಿನ ಮಣ್ಣು ಸಡಿಲಾಗುತ್ತದೆ. ಶಾಲೆಗೆ ಒಳದಾರಿ ಹಿಡಿದ ಮಗುವಿಗೆ ಅಲ್ಲಿ ಬಾವಿಯಿದೆಯೆಂದು ಹೇಳುವವರಾರು? ನಾಯಿಯನ್ನು ಅಟ್ಟಿಸಿಕೊಂಡು ಬಂದ ಚಿರತೆ ಬಾವಿಗೆ ಬಿದ್ದ ಸುದ್ದಿಯನ್ನು ಈ ಸೀಮೆಯಲ್ಲಿ ಆಗಾಗ ಕೇಳುತ್ತೇವೆ. ಇರುಳಿನಲ್ಲಿ ಕಣ್ಣು ಕಾಣುವ ಪ್ರಾಣಿಯೇ ಬಿದ್ದರೆ ಮನುಷ್ಯನ ಪಾಡೇನು?

ಇದು ಬರಿಯ ಧರ್ಮದ ಮಾತಲ್ಲ, ಕಾನೂನಿನ ಮಾತೂ ಹೌದು. ಸಾರ್ವಜನಿಕ ದಾರಿಯ ಬದಿಯ ಬಾವಿಗೆ ಬೇಲಿ ಹಾಕಬೇಕೆಂದು ಒಡೆಯನಿಗೆ ಆಜ್ಞಾಪಿಸುವ ಅಧಿಕಾರ ಮ್ಯಾಜಿಸ್ಟ್ರೇಟರಿಗೆ ಉಂಟು. 1973ರ ದಂಡ ಪ್ರಕ್ರಿಯಾ ಸಂಹಿತೆಯ 133ನೆಯ ಕಲಮಿನಲ್ಲಿದ್ದ ಈ ವಿಧಿಯು 2024ರ ಜುಲೈಯಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೆಯ ಕಲಮಿನಲ್ಲಿದೆ.

ಕೊಳವೆ ಬಾವಿಗಳ ವಿಷಯದಲ್ಲಿ ಸುಪ್ರೀಂ ಕೋರ್ಟು 2010ರಲ್ಲಿ ನಿಯಮಗಳನ್ನೇ ವಿಧಿಸಿತು. ಕೊರೆಯುವುದಕ್ಕೆ 15 ದಿನ ಮುಂಚೆ ಒಡೆಯನು ಅಧಿಕಾರಿಗಳಿಗೆ ಬರೆದು ತಿಳಿಸಬೇಕು. ಕೊರೆಯುವಾಗ ಸುತ್ತಲೂ ಮುಳ್ಳುತಂತಿಯ ಬೇಲಿಯಿರಬೇಕು. ಕೊಳವೆಯ ಬಾಯಿಗೆ ಭದ್ರವಾದ ಮುಚ್ಚಳ ಕೂರಿಸಬೇಕು. ನೀರು ಬಾರದೆ ಬಿಟ್ಟದ್ದನ್ನು ತಳದಿಂದ ನೆಲಮಟ್ಟದವರೆಗೂ ಜೇಡಿ, ಮರಳು, ಕಲ್ಲುಗಳಿಂದ ತುಂಬಬೇಕು. 2024ರ ಏಪ್ರಿಲಿನಲ್ಲಿ ವಿಜಯಪುರ ಜಿಲ್ಲೆಯ ಲಚ್ಯಾಣದಲ್ಲಿ ಕೊಳವೆ ಬಾವಿಗೆ ಬಿದ್ದ ಎಳೆಯ ಮಗುವನ್ನು ಸುಮಾರು 20 ಗಂಟೆ ಹೆಣಗಿ ಜೀವಸಹಿತ ಮೇಲೆತ್ತಿದರು. ಹೀಗೆ ಬಿದ್ದ ಎಲ್ಲ ಮಕ್ಕಳಿಗೂ ಆ ಭಾಗ್ಯವಿರಲಿಲ್ಲ.

ತಾವು ಮಾಡಬೇಕಾದದ್ದು ಬಹಳವಿಲ್ಲ. ಸೊಂಟಕ್ಕಿಂತ ಎತ್ತರದ ಕಟ್ಟೆ, ಅದರ ಮೇಲೆ ಕಬ್ಬಿಣದ ಸರಳಿನ ಜಾಲರಿ, ಇಷ್ಟು ಸಾಕು. ತೆಂಗಿನ ಮಡಲು ಹಾಸಿ ಮುಚ್ಚಿದರೆ ಸಾಲದು. ಕೊಳೆತ ಮಡಲು ಬಾವಿಯನ್ನು ಮರೆಮಾಡುತ್ತದೆಯೇ ಹೊರತು ಭಾರವನ್ನು ತಾಳದು. ಯಾರಾದರೂ ಬಿದ್ದರೆ ಹಿಂದೆಯೇ ತಾವೂ ಇಳಿಯಬೇಡಿ. ಹಗ್ಗ ಇಳಿಬಿಟ್ಟು 112ಕ್ಕೆ ಕರೆಮಾಡಿ. ಪರವೂರಿನಲ್ಲಿರುವವರು ಮಳೆಗೆ ಮುಂಚೆ ಒಮ್ಮೆ ಬಾವಿಯ ಸುತ್ತ ಹುಲ್ಲು ಸವರಿಸಿ, ಬೇಲಿ ನೋಡಿ ಬರಲು ಊರಿನ ನಂಟರಿಗೆ ಹೇಳಿರಲಿ.

ಬಾವಿಯ ನೀರು ನಮ್ಮದೆನ್ನುವಾಗ ಅದರ ಕಟ್ಟೆಯೂ ನಮ್ಮದೇ ಎಂಬುದನ್ನು ಮರೆಯದಿರೋಣ.